ಬಾರ್ಬೆಕ್ಯೂ ಎಂಬ ಅಟ್ಟ

ಮಲೆನಾಡಿನ ನಮ್ಮಜ್ಜಿಯ ಮನೆಯಲ್ಲಿ ಒಲೆಯ ಮೇಲೆ, ಕೈ ಎತ್ತಿದರೆ ನಿಲುಕುವಷ್ಟು ಎತ್ತರದಲ್ಲಿ, ಬಿದಿರಿನ ಒಂದು ಅಟ್ಟವಿತ್ತು. ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನು, ಬಿತ್ತನೆಗೆ ತೆಗೆದಿರಿಸಿದ ಸೌತೆಬೀಜ, ಹುಳಿಯ ಕುಕ್ಕೆ ಎಲ್ಲ ಅಲ್ಲಿ ಹೊಗೆ ಕುಡಿಯುತ್ತ ಕೂತಿರುತ್ತಿದ್ದವು. ಉರಿ ತಾಗಬಾರದು, ಹೊಗೆ ತಪ್ಪಬಾರದು. ಅಜ್ಜಿಯ ಲೆಕ್ಕ ಅಷ್ಟೇ. ಬಾರ್ಬೆಕ್ಯೂ ಎಂಬ ಪದದ ಹುಟ್ಟನ್ನು ಓದುವಾಗ ಥಟ್ಟನೆ ಕಣ್ಣಮುಂದೆ ಬಂದದ್ದು ಮಸಿ ಹಿಡಿದ ಆ ಅಟ್ಟ.

ಕೆರಿಬಿಯನ್ ದ್ವೀಪಗಳ ತಾಯ್ನೋ ಜನರ ನುಡಿಯಿಂದ ಸ್ಪೇನಿನವರ ಬಾಯಿಗೆ ಬಂದ ಪದ 'ಬಾರ್ಬಕೋವಾ'. ಕವೆ ನೆಟ್ಟು, ಮೇಲೆ ಕೋಲು ಹಾಸಿ ಕಟ್ಟಿದ ಚೌಕಟ್ಟು ಎಂದು ಅದರ ಅರ್ಥ. 16ನೇ ಶತಮಾನದಲ್ಲಿ ಆ ನೆಲದ ಬದುಕನ್ನು ಬರೆದಿಟ್ಟ ಓವಿಯೆಡೊ, ಕೆಳಗೆ ಬೆಂಕಿಯಿಟ್ಟು ಇಂಥ ಚೌಕಟ್ಟಿನ ಮೇಲೆ ಮೀನು, ಮಾಂಸ ಬೇಯಿಸುತ್ತಿದ್ದುದನ್ನು ಹೇಳುತ್ತಾನೆ. ಮೆಕ್ಕೆಜೋಳದ ಹೊಲದಲ್ಲಿ ಹುಡುಗರು ಹತ್ತಿ ಕೂತು ಹಕ್ಕಿ ಓಡಿಸುತ್ತಿದ್ದ ಅಟ್ಟಣೆಗೂ ಅದೇ ಹೆಸರು. ಅಂದರೆ ಈ ಪದದೊಳಗೆ ಮೊದಲು ಬೆಂಕಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲ, ಮಸಾಲೆಯಂತೂ ಇರಲೇ ಇಲ್ಲ. ಇದ್ದದ್ದು ಎತ್ತರ ಮಾತ್ರ.

ಕನ್ನಡದಲ್ಲಿ ಇದಕ್ಕೆ ಅಟ್ಟಕ್ಕಿಂತ ಒಳ್ಳೆಯ ಪದವಿಲ್ಲ. ಇನ್ನೊಂದು ಸೊಗಸೂ ಇದೆ. 'ಅಡು' ಎಂದರೆ ಬೇಯಿಸು. ಅದರ ಭೂತಕಾಲದ ರೂಪವೂ 'ಅಟ್ಟ'. ಅಟ್ಟಿಕ್ಕಿದವಳಿಗಿಂತ ಬೊಟ್ಟಿಕ್ಕಿದವಳು ಮೇಲು ಎಂಬ ಗಾದೆಯಲ್ಲಿ ಉಳಿದಿರುವುದು ಅದೇ. ಎರಡೂ ಬೇರೆ ಬೇರೆ ಪದಗಳು, ನಾದ ಮಾತ್ರ ಒಂದು. ಆದರೂ ಅಟ್ಟದ ಮೇಲೆ ಅಟ್ಟದ್ದು ಎಂದು ಒಮ್ಮೆ ಹೇಳಿಕೊಂಡರೆ ನನಗೆ ಬಾಯಿ ತುಂಬಿದಂತಾಗುತ್ತದೆ.

ಅಟ್ಟದಿಂದಿಳಿದ ಆ ಪದ ಎಲ್ಲೆಲ್ಲಿಗೋ ಹೋಯಿತು. ಮೆಕ್ಸಿಕೋದಲ್ಲಿ ನೆಲದೊಳಕ್ಕೇ ಇಳಿಯಿತು: ಅಲ್ಲಿ ಬಾರ್ಬಕೋವಾ ಎಂದರೆ ಕತ್ತಾಳೆ ಜಾತಿಯ ದಪ್ಪ ಎಲೆಯಲ್ಲಿ ಸುತ್ತಿ, ಕಾದ ಗುಂಡಿಯಲ್ಲಿ ಹೂತು ಬೇಯಿಸಿದ ಕುರಿಮಾಂಸ. ಜಮೈಕಾದಲ್ಲಿ ಕಾಫಿ ಒಣಗಿಸುವ ಗಾರೆ ನೆಲಕ್ಕೆ ಬಾರ್ಬೆಕ್ಯೂ ಎಂದರು. ಚಿಕ್ಕಮಗಳೂರಿನ ತೋಟದವರು ಕಣ ಎನ್ನುತ್ತಾರಲ್ಲ, ಅದೇ. ಜಾರ್ಜ್ ವಾಷಿಂಗ್ಟನ್ 1769ರ ದಿನಚರಿಯಲ್ಲಿ ಬಾರ್ಬೆಕ್ಯೂ ಒಂದಕ್ಕೆ ಹೋಗಿ ರಾತ್ರಿಯೆಲ್ಲ ಅಲ್ಲೇ ಉಳಿದೆ ಎಂದು ಬರೆದ. ಅಷ್ಟು ಹೊತ್ತಿಗೆ ಅದು ಊರು ಸೇರುವ ಊಟದ ಹೆಸರಾಗಿತ್ತು.

ಉತ್ತರ ಕೆರೊಲಿನಾದ ಪೂರ್ವ ಭಾಗದಲ್ಲಿ ಪದ ಇನ್ನೂ ಬಿಗಿಯಾಗಿದೆ. ಅಲ್ಲಿನವರಿಗೆ ಬಾರ್ಬೆಕ್ಯೂ ಕ್ರಿಯಾಪದವಲ್ಲ, ತಟ್ಟೆಯಲ್ಲಿರುವ ಹಂದಿಮಾಂಸವೇ ಬಾರ್ಬೆಕ್ಯೂ. ಏಡನ್ ಎಂಬ ಸಣ್ಣ ಊರಿನ ಸ್ಕೈಲೈಟ್ ಇನ್‌ಗೆ ಹೋಗಿದ್ದೆ. 1947ರಿಂದ ನಡೆಯುತ್ತಿರುವ ಜಾಗ. ಸೌದೆಯನ್ನು ಬೇರೆಡೆ ಉರಿಸಿ, ನಿಗಿನಿಗಿ ಕೆಂಡವನ್ನಷ್ಟೇ ಸಲಿಕೆಯಲ್ಲಿ ತಂದು ಇಡೀ ಹಂದಿಯ ಕೆಳಗೆ ಹರಡುತ್ತಾರೆ. ರಾತ್ರಿಯೆಲ್ಲ ಬೇಯುತ್ತದೆ. ಆಮೇಲೆ ಮಚ್ಚಿನಿಂದ ಕೊಚ್ಚುವ ಸದ್ದು, ಗರಿಗರಿ ಚರ್ಮವನ್ನೂ ಅದರಲ್ಲೇ ಬೆರೆಸಿ, ವಿನೆಗರ್, ಖಾರ, ಉಪ್ಪು. ಜೊತೆಗೆ ಕೋಸಿನ ಸಲಾಡ್, ಮೆಕ್ಕೆಜೋಳದ ಗಟ್ಟಿ ರೊಟ್ಟಿ. ಮೊದಲ ತುತ್ತಿಗೇ ನೆನಪಾದದ್ದು ಕೊಡಗಿನ ಪಂದಿಕರಿ. ಕಾಚಂಪುಳಿ ಹಂದಿಯ ಕೊಬ್ಬಿಗೆ ಮಾಡುವ ಉಪಕಾರವನ್ನೇ ಇಲ್ಲಿ ವಿನೆಗರ್ ಮಾಡುತ್ತಿತ್ತು.

ಆ ತಟ್ಟೆಯ ಮುಂದೆ ಕೂತು ನೆನೆಯಲೇಬೇಕಾದ ಮಾತೊಂದಿದೆ. ಪದ ಕೊಟ್ಟ ತಾಯ್ನೋ ಜನರನ್ನು ರೋಗವೂ ದುಡಿತವೂ ಹಿಂಸೆಯೂ ಕೆಲವೇ ದಶಕಗಳಲ್ಲಿ ಬಹುಪಾಲು ಅಳಿಸಿಹಾಕಿದವು. ಅಮೆರಿಕದ ದಕ್ಷಿಣದಲ್ಲಿ ರಾತ್ರಿಯಿಡೀ ಕೆಂಡ ಕಾಯ್ದವರು ಹೆಚ್ಚಾಗಿ ಗುಲಾಮರಾಗಿದ್ದ ಆಫ್ರಿಕನ್ನರು. ಈ ವಿದ್ಯೆ ಬೆಳೆದದ್ದು ಅವರ ಕೈಯಲ್ಲಿ. ಬಡಿಸಿದವರ ಹೆಸರು ಉಳಿಯಿತು, ಅಟ್ಟವರದು ಅಳಿಯಿತು. ನಮ್ಮ ಗಾದೆಯ ನೋವು ಅಲ್ಲಿಯದೂ ಹೌದು.

ಊರಿಗೆ ಬಂದ ಮೇಲೆ ತಾರಸಿಯಲ್ಲಿ ನಾಲ್ಕು ಇಟ್ಟಿಗೆ, ಒಂದು ಕಬ್ಬಿಣದ ಜಾಲರಿ ಇಟ್ಟು ಪ್ರಯತ್ನಿಸಿದೆ. ಮೊದಲ ಸಲ ಮಾಂಸದ ಹೊರಗೆಲ್ಲ ಕರಿ, ಒಳಗೆ ಹಸಿ. ಕೊಬ್ಬು ತೊಟ್ಟಿಕ್ಕಿದಲ್ಲೆಲ್ಲ ಉರಿ ಎದ್ದಿತ್ತು. ಎರಡನೆಯ ಸಲ ಜಾಲರಿಯನ್ನು ಇನ್ನೆರಡು ಇಟ್ಟಿಗೆ ಮೇಲಕ್ಕೇರಿಸಿ, ಕೆಂಡವನ್ನು ಸ್ವಲ್ಪಸ್ವಲ್ಪವೇ ಹಾಕುತ್ತ, ಮೇಲೊಂದು ಮುಚ್ಚಳ ಮುಚ್ಚಿ ಐದು ಗಂಟೆ ಕಾದೆ. ಬಿಗಿ ಮಾಂಸದ ಕೊಲಾಜನ್ ಕರಗಿ ಜೆಲಟಿನ್ ಆಗಲು ಅಷ್ಟು ಹೊತ್ತು ಬೇಕೇ ಬೇಕು, ಅವಸರಕ್ಕೆ ಅದು ಬಗ್ಗುವುದಿಲ್ಲ. ಕೊನೆಗೆ ಬೆರಳಲ್ಲೇ ಎಳೆಎಳೆಯಾಗಿ ಬಿಡಿಸಲು ಬಂತು.

ಈಗ ನಮ್ಮ ಬೆಂಗಳೂರಿನ ಮೆನುಗಳಲ್ಲಿ ಕೆಂಡ ಸೋಕಿದ್ದೆಲ್ಲ ಬಾರ್ಬೆಕ್ಯೂ ಆಗಿದೆ, ಮೆಕ್ಕೆಜೋಳದ ತೆನೆ ಕೂಡ. ಅದಕ್ಕೆ ನಮ್ಮಲ್ಲಿ ಪದವಿದೆ: ಸುಡು. ಸುಟ್ಟ ಜೋಳ, ಸುಟ್ಟ ಗೆಣಸು, ಸುಟ್ಟ ಬದನೆಕಾಯಿ. ಕೆಂಡಕ್ಕೆ ಮೈಕೊಟ್ಟು ಬೇಯುವುದನ್ನು ಹೇಳುವ ನೇರವಾದ, ರುಚಿಯುಳ್ಳ ಪದ. ಅದನ್ನು ಬಿಡಬೇಡಿ. ಬಾರ್ಬೆಕ್ಯೂ ಎಂಬ ಹೆಸರನ್ನು ದೂರದಿಂದ, ನಿಧಾನವಾಗಿ ಬೇಯುವುದಕ್ಕೆ ಮೀಸಲಿಡಿ. ಮುಂದಿನ ಸಲ ಕೆಂಡ ಹಾಕಿದಾಗ ಬೀಸಣಿಗೆ ಕೆಳಗಿಟ್ಟು, ಜಾಲರಿಯನ್ನು ಒಂದು ಇಟ್ಟಿಗೆಯಷ್ಟು ಮೇಲಕ್ಕೆತ್ತಿ ನೋಡಿ.