ಸದ್ದಿನ ಊರಲ್ಲಿ ಸದ್ದಿಲ್ಲದ ಪಿಸಿ: ಒಂದು ತೆಳು ರೇಡಿಯೇಟರ್ ಹಿಂದಿನ ಕಥೆ

ಇವತ್ತಿನ ಕಂತನ್ನ ಕ್ಷಮೆ ಕೇಳಿಯೇ ಶುರು ಮಾಡಬೇಕು.

ಹೋದ ಸಲ ನಮ್ಮಜ್ಜನ ಮಿಲ್ ಕೆಲಸದ ನೆನಪುಗಳನ್ನ ಕೇಳಿಸಿದ್ದೆ. ತುಂಬ ಜನ ಮೆಸೇಜ್ ಮಾಡಿದ್ರಿ. ಆದರೆ ಅರ್ಧ ಜನ ಕೇಳಿದ್ದು ಅಜ್ಜನ ಬಗ್ಗೆ ಅಲ್ಲ, ‘ಹಿಂದೆ ಅದೇನು ಗುಂಯ್ ಅನ್ನೋ ಸದ್ದು?’ ಅಂತ. ಒಬ್ಬರಂತೂ ‘ಹಿಟ್ಟಿನ ಗಿರಣಿಯಲ್ಲಿ ಕೂತು ರೆಕಾರ್ಡ್ ಮಾಡಿದ್ರಾ?’ ಅಂದ್ರು. ಗಿರಣಿ ಅಲ್ಲ, ಅದು ನನ್ನ ಪಿಸಿ.

ನಾನಿರೋದು ದಾವಣಗೆರೆಯಲ್ಲಿ, ಮಹಡಿ ಮೇಲಿನ ಸಣ್ಣ ರೂಮಲ್ಲಿ. ಏಪ್ರಿಲ್ ಬಂತು ಅಂದ್ರೆ ಆ ರೂಮು ಕಾದ ಹಂಚು. ಪಿಸಿ ಆಫ್ ಮಾಡಿ ರೆಕಾರ್ಡ್ ಮಾಡಬಹುದಿತ್ತಲ್ಲ ಅಂತೀರಾ? ಆಗಲ್ಲ. ಅಜ್ಜನಿಗೆ ಕಿವಿ ಮಂದ. ನನ್ನ ಪ್ರಶ್ನೆಗಳನ್ನ ಸ್ಕ್ರೀನ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸ್ತೀನಿ, ಅವರು ಓದಿ ಉತ್ತರ ಹೇಳ್ತಾರೆ. ಸದ್ದು ತೆಗೆಯೋ ಸಾಫ್ಟ್‌ವೇರ್ ಹಾಕಿ ನೋಡಿದೆ. ಫ್ಯಾನ್ ಸದ್ದಿನ ಜೊತೆ ಅವರ ಮಾತಿನ ಸ, ಶ, ಹ ಎಲ್ಲ ತೊಳೆದುಹೋದವು. ಅಜ್ಜನಿಗೀಗ 84. ಧ್ವನಿ ವರ್ಷದಿಂದ ವರ್ಷಕ್ಕೆ ಸಣ್ಣಗಾಗ್ತಿದೆ. ಮುಂದೆ ಯಾವಾಗಲಾದ್ರೂ ಮಾಡಿದ್ರಾಯ್ತು ಅನ್ನೋ ಹಾಗಿಲ್ಲ.

ಅಜ್ಜನ ಕಿವಿ ಹೀಗಾಗಿದ್ದಕ್ಕೂ ಸದ್ದೇ ಕಾರಣ. ಈಗ ದಾವಣಗೆರೆ ಅಂದ್ರೆ ಎಲ್ಲರಿಗೂ ನೆನಪಾಗೋದು ಬೆಣ್ಣೆ ದೋಸೆ. ಅವರ ಕಾಲಕ್ಕೆ ಇದು ‘ಕರ್ನಾಟಕದ ಮ್ಯಾಂಚೆಸ್ಟರ್’, ಹತ್ತಿ ಗಿರಣಿಗಳ ಊರು. ಲಾಳಿ ಹೊಡೆಯೋ ಮಗ್ಗಗಳ ಶೆಡ್ಡಲ್ಲಿ ಸದ್ದು 90 ಡೆಸಿಬೆಲ್ ದಾಟೋದು ಮಾಮೂಲು. ಅಲ್ಲಿ ಮಾತು ನಡೀತಿದ್ದದ್ದು ಕೈಸನ್ನೆಯಲ್ಲಿ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಕಿವಿಯೊಳಗಿನ ಹಾನಿ ಮಾತ್ರ ಉಳೀತು.

ಹಾಗಾಗಿ ಪಿಸಿಗೆ ವಾಟರ್ ಕೂಲಿಂಗ್ ಹಾಕೋಣ ಅಂತ ಹೊರಟೆ. ಹುಡುಕ್ತಾ ಹೋದರೆ ಆ ತೆಳು ರೇಡಿಯೇಟರ್ ಹಿಂದೆ 120 ವರ್ಷದ ಕಥೆ ಸಿಕ್ತು. ಅದರಲ್ಲಿ ನಮ್ಮ ಹರಿಹರದ ಪಾಲೂ ಒಂಚೂರಿದೆ.

ಮೊದಲು ತತ್ವ. ಬಿಸಿ ಅನ್ನ ಬೇಗ ಆರಬೇಕಂದ್ರೆ ಅಮ್ಮ ಏನು ಮಾಡ್ತಾರೆ? ತಟ್ಟೆಯಲ್ಲಿ ಹರವ್ತಾರೆ. ಗುಡ್ಡೆ ಹಾಕಿ ಫ್ಯಾನ್ ಜೋರು ಮಾಡಿದ್ರೆ ಮೇಲಷ್ಟೇ ಆರುತ್ತೆ, ಒಳಗೆ ಸುಡ್ತಾನೇ ಇರುತ್ತೆ. ರೇಡಿಯೇಟರ್ ಮಾಡೋದೂ ಇದನ್ನೇ, ನೀರು ಹೊತ್ತು ತಂದ ಬಿಸಿಯನ್ನ ಗಾಳಿಗೆ ಹರವೋದು.

ಮೊದಮೊದಲ ಕಾರುಗಳಿಗೆ ಈ ಹರವೋ ಕಲೆ ಸರಿಯಾಗಿ ಗೊತ್ತಿರಲಿಲ್ಲ. ನೀರು ಕುದ್ದು ಆವಿಯಾಗಿ ಹೋಗ್ತಿತ್ತು, ದಾರಿಯಲ್ಲಿ ಮತ್ತೆ ತುಂಬಿಸಬೇಕಿತ್ತು. 1900ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್ ತನ್ನ ಮರ್ಸಿಡಿಸ್ 35 ಎಚ್‌ಪಿ ಕಾರಿಗೆ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. ಅದರಲ್ಲಿ 6 ಮಿಲಿಮೀಟರ್ ಅಗಲದ ಚೌಕಾಕಾರದ 8,070 ಸಣ್ಣ ಕೊಳವೆಗಳಿದ್ದವು. ಕೊಳವೆಗಳೊಳಗೆ ಗಾಳಿ, ಅವುಗಳ ನಡುವೆ ನೀರು. ಕಡಿಮೆ ನೀರಲ್ಲಿ ಎಂಜಿನ್ ತಣ್ಣಗಿತ್ತು.

ಕಾರ್ಖಾನೆಗಳೂ ನೀರಿನ ಪಾಠ ಕಲಿತಿದ್ದವು. 1880ರ ದಶಕದಲ್ಲಿ ಅಮೆರಿಕದ ಫ್ರೆಡ್ರಿಕ್ ಟೇಲರ್ ಪ್ರಯೋಗ ಮಾಡಿ ನೋಡಿದ. ಕಬ್ಬಿಣ ಕತ್ತರಿಸೋ ಜಾಗಕ್ಕೆ ನೀರಿನ ದಪ್ಪ ಧಾರೆ ಬಿಟ್ಟರೆ ಕೆಲಸದ ವೇಗ 30ರಿಂದ 40 ಪರ್ಸೆಂಟ್ ಏರುತ್ತಿತ್ತು. ಆ ಪಾಠ ನಮ್ಮೂರಿನ ಪಕ್ಕಕ್ಕೂ ಬಂತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು, ಲೇತ್ ಯಂತ್ರ ತಯಾರಿಸೋ ಕಾರ್ಖಾನೆ. ಲೇತ್ ಮೇಲೆ ಹಾಲಿನಂತೆ ಬೆಳ್ಳಗೆ ಸುರಿಯುತ್ತಲ್ಲ, ಎಣ್ಣೆ ಬೆರೆಸಿದ ನೀರು, ಅದೇ ಕೂಲಂಟ್. ಅಂದ್ರೆ ಪಿಸಿಗೆ ನೀರು ಬರೋ ಎಷ್ಟೋ ಮೊದಲೇ ಹರಿಹರದವರಿಗೆ ವಾಟರ್ ಕೂಲಿಂಗ್ ದಿನನಿತ್ಯದ ಕೆಲಸ. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಕೈಕೆಲಸ ಮಾತ್ರ ಊರಿನ ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ಇದೆ. ಇದನ್ನ ನೆನಪಿಟ್ಕೊಳ್ಳಿ, ವಾಪಸ್ ಬರ್ತೀನಿ.

ಕಂಪ್ಯೂಟರಿಗೆ ನೀರು ಮೊದಲು ಬಂದದ್ದು ದೊಡ್ಡವರ ಮನೆಗೆ. 1960ರ ದಶಕದಲ್ಲೇ ಐಬಿಎಂನ ದೈತ್ಯ ಯಂತ್ರಗಳಲ್ಲಿ ನೀರು ಹರೀತಿತ್ತು. ಮನೆಯ ಪಿಸಿಗೆ ತಂದವರು ಹವ್ಯಾಸಿ ಹುಡುಗರು. 2000ದ ಆಸುಪಾಸಲ್ಲಿ ಗುಜರಿಯಿಂದ ಹಳೇ ಕಾರಿನ ಹೀಟರ್ ಕೋರ್ ಕಿತ್ತು ತಂದು, ಅಕ್ವೇರಿಯಂ ಪಂಪ್ ಜೋಡಿಸ್ತಿದ್ರು. ಹೀಟರ್ ಕೋರ್ ಅಂದ್ರೆ ಚಳಿ ದೇಶದ ಕಾರಿನೊಳಗೆ ಬಿಸಿಗಾಳಿ ಕೊಡೋ ಪುಟ್ಟ ರೇಡಿಯೇಟರ್. ಮೇಬ್ಯಾಕ್‌ನ ಮೊಮ್ಮಗು ಅನ್ನಿ! 2009ರಲ್ಲಿ ಡೆನ್ಮಾರ್ಕ್‌ನ ಅಸೆಟೆಕ್ ತಯಾರಿಸಿಕೊಟ್ಟ ಎಚ್50 ಅನ್ನ ಕೋರ್ಸೇರ್ ಮಾರುಕಟ್ಟೆಗೆ ತಂದ ಮೇಲೆ, ಇದು ಡಬ್ಬಿ ಬಿಚ್ಚಿ ಹಾಕೋ ವಸ್ತುವಾಯ್ತು. ಕ್ಯಾಬಿನೆಟ್ ಚಿಕ್ಕದಾದ ಹಾಗೆ ರೇಡಿಯೇಟರೂ ತೆಳುವಾಯ್ತು. 30 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ದಪ್ಪ ಇದ್ರೆ ಅದನ್ನ ‘ಸ್ಲಿಮ್’ ಅಂತಾರೆ.

ಈಗ ಆಯ್ಕೆ. ನನ್ನ ಕ್ಯಾಬಿನೆಟ್ ಮೇಲ್ಭಾಗದಲ್ಲಿದ್ದ ಜಾಗ 58 ಮಿಲಿಮೀಟರ್. ರೇಡಿಯೇಟರ್ 30, ಫ್ಯಾನ್ 25, ಒಟ್ಟು 55. ದಪ್ಪ ರೇಡಿಯೇಟರ್ ಮಾತೇ ಇಲ್ಲ. ಸದ್ದು ಬೇಡ ಅನ್ನೋರಿಗೆ ಅದು ನಷ್ಟವೂ ಅಲ್ಲ, ಯಾಕಂದ್ರೆ ತೆಳುವಾದದ್ದರಲ್ಲಿ ನಿಧಾನ ಗಾಳಿಯೂ ಸಲೀಸಾಗಿ ದಾಟುತ್ತೆ. ದಪ್ಪ ಸಿಗದಿದ್ರೆ ಉದ್ದ ತಗೊಳ್ಳಿ. ನಾನು ತಗೊಂಡದ್ದು ಎರಡು ಫ್ಯಾನ್ ಕೂರೋ 240.

ಎರಡನೇದು, ಫಿನ್ ಎಷ್ಟು ಒತ್ತಾಗಿವೆ ಅಂತ ನೋಡಿ. ಒತ್ತಾದ ಫಿನ್ನಿಗೆ ಜೋರು ಗಾಳಿ ಬೇಕು, ಅಂದ್ರೆ ಜೋರು ಸದ್ದು. ಫಿನ್ ವಿರಳ ಇದ್ರೆ ಫ್ಯಾನ್ ನಿಧಾನ ತಿರುಗಿದ್ರೂ ಸಾಕು, ಊರಿನ ಧೂಳು, ಮಂಡಕ್ಕಿ ಭಟ್ಟಿಯ ಮಸಿ ಕೂತರೆ ಬ್ರಶ್‌ನಲ್ಲಿ ಕ್ಲೀನ್ ಮಾಡೋದೂ ಸುಲಭ. ಫ್ಯಾನ್ ವೇಗ ಅರ್ಧ ಮಾಡಿದ್ರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತೆ. ಇಡೀ ಆಟ ಇಲ್ಲೇ ಇರೋದು.

ಮೂರನೇದು, ಲೋಹ. ಪ್ರೊಸೆಸರ್ ಮೇಲೆ ಕೂರೋ ಬ್ಲಾಕ್ ತಾಮ್ರದ್ದಾದ್ರೆ ರೇಡಿಯೇಟರೂ ತಾಮ್ರ, ಹಿತ್ತಾಳೆಯದ್ದೇ ಇರಲಿ. ಅದೇ ನೀರಿಗೆ ಅಲ್ಯೂಮಿನಿಯಂ ಬಂದ್ರೆ ಅದು ನಿಧಾನಕ್ಕೆ ತಿಂದುಹೋಗುತ್ತೆ. ಪಂಪ್ ಕೆಳಗಿರಲಿ. ಗಾಳಿಗುಳ್ಳೆಗಳು ಮೇಲಕ್ಕೆ ಹೋಗ್ತವೆ, ಪಂಪಿನಲ್ಲಿ ಸೇರಿಕೊಂಡ್ರೆ ಗರಗರ ಶುರು.

ಇಷ್ಟೆಲ್ಲ ಓದ್ಕೊಂಡೂ ನಾನು ಸ್ಕ್ರೂನಲ್ಲಿ ಎಡವಿದೆ. ನಾಲ್ಕು ಸ್ಕ್ರೂ ಕಳೆದಿದ್ದೆ. ಹಾರ್ಡ್‌ವೇರ್ ಅಂಗಡಿಯಿಂದ ಅಂದಾಜಲ್ಲಿ ತಂದದ್ದು ಅರ್ಧಕ್ಕೇ ಬಿಗಿಯಾಯ್ತು. ಜೋರು ಮಾಡೋ ಧೈರ್ಯ ಬರಲಿಲ್ಲ, ಯಾಕಂದ್ರೆ ಸ್ಕ್ರೂ ಸೇರೋ ತೂತಿನ ಹಿಂದೇನೇ ನೀರಿನ ಕೊಳವೆ ಇರುತ್ತೆ. ಎರಡು ಮಿಲಿಮೀಟರ್ ಹೆಚ್ಚಾದ್ರೂ ತೂತು ಬಿದ್ದು ನೀರು ಮದರ್‌ಬೋರ್ಡ್ ಮೇಲೆ.

ರೇಡಿಯೇಟರ್ ಬ್ಯಾಗಿಗೆ ಹಾಕ್ಕೊಂಡು ಹರಿಹರದ ಬಸ್ ಹತ್ತಿದೆ. ಪರಿಚಯದ ಲೇತ್ ಕೆಲಸದವರೊಬ್ಬರು ಇದ್ದಾರೆ, ಮೈಸೂರು ಕಿರ್ಲೋಸ್ಕರ್‌ನಲ್ಲಿ ದುಡಿದವರ ಕೈಕೆಳಗೆ ಪಳಗಿದವರು. ವರ್ನಿಯರ್ ಹಿಡಿದು ಅಳೆದವರೇ ನಕ್ಕರು. ‘ಏ ತಮ್ಮ, ನೀನು ತಂದಿರೋ ಸ್ಕ್ರೂ ಇಂಚಿನ ಥ್ರೆಡ್ದು, ಮೂರೂವರೆ ಎಂಎಂ ದಪ್ಪ ಐತೆ. ಇದಕ್ಕೆ ಬೇಕಿರೋದು ಎಂ3.’ ಸರಿಯಾದ ನಾಲ್ಕನ್ನ ಡಬ್ಬದಿಂದ ಆರಿಸಿ, ಉದ್ದ ಅಳೆದು ತುದಿ ಕತ್ತರಿಸಿ, ಅರದಿಂದ ಉಜ್ಜಿ ಕೊಟ್ರು. ‘ಎಷ್ಟಾಯ್ತು ಅಣ್ಣ?’ ಅಂದ್ರೆ ‘ಟೀ ಕುಡಿಸು ಸಾಕು.’

ಮನೆಗೆ ಬಂದು ಜೋಡಿಸಿ, ಡಿಸ್ಟಿಲ್ಡ್ ವಾಟರ್‌ಗೆ ತುಕ್ಕು ತಡೆಯೋ ದ್ರಾವಣ ಬೆರೆಸಿ ತುಂಬಿಸಿದೆ. ಅಡಿಗೆ ಟಿಶ್ಯೂ ಹಾಸಿ, ಪಂಪ್ ಮಾತ್ರ ಒಂದಿಡೀ ದಿನ ಓಡಿಸಿದೆ. ಒಂದು ಹನಿ ಸೋರಲಿಲ್ಲ. ಫ್ಯಾನ್ 1,200ರ ಬದಲು 600 ಸುತ್ತಿಗೆ ಇಳಿಸಿದೆ. ಒಂದು ಮಾತು ನೆನಪಿರಲಿ: ರೂಮಿನ ಶಾಖಕ್ಕಿಂತ ನೀರು ತಣ್ಣಗಾಗಲ್ಲ. ಇದು ಎಸಿ ಅಲ್ಲ. ನನ್ನ ಬೆವರು ನನ್ನದೇ.

ಅಜ್ಜನನ್ನ ಕರೆದೆ. ಅವರಿಗೆ ಮೊದಲೂ ಸದ್ದು ಕೇಳ್ತಿರಲಿಲ್ಲ, ಈಗಲೂ ಕೇಳಲ್ಲ. ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟು ಒಂದರ್ಧ ನಿಮಿಷ ನಿಂತ್ರು. ‘ಈ ಮೂಲೆ ನಡುಗ್ತೈತೆ ನೋಡು’ ಅಂದ್ರು. ಬಿಚ್ಚಿ ನೋಡಿದ್ರೆ ನಿಜ, ಆ ಮೂಲೆಯಲ್ಲಿ ರಬ್ಬರ್ ವಾಷರ್ ಹಾಕೋದು ಮರೆತಿದ್ದೆ. ಮಗ್ಗದ ಬೇರಿಂಗ್ ಕೆಟ್ಟಿದ್ದನ್ನ ಅವರು ಹೀಗೇ ಕಂಡುಹಿಡೀತಿದ್ರಂತೆ. ಆ ಸದ್ದಲ್ಲಿ ಕಿವಿಯಿಂದ ಏನೂ ಗೊತ್ತಾಗ್ತಿರಲಿಲ್ಲ.

ವಾಷರ್ ಹಾಕಿದೆ. ಅಜ್ಜ ಕುರ್ಚಿಯಲ್ಲಿ ಕೂತ್ರು. ಸ್ಕ್ರೀನ್ ಮೇಲೆ ಮೊದಲ ಪ್ರಶ್ನೆ ಬರೆದೆ: ‘ಮಿಲ್‌ನಲ್ಲಿ ಮೊದಲ ದಿನ ಹೇಗಿತ್ತು?’

ಅದಕ್ಕವರು ಕೊಟ್ಟ ಉತ್ತರವನ್ನ ಈಗ ಕೇಳಿಸ್ತೀನಿ. ಈ ಸಲ ಹಿಂದೆ ಗುಂಯ್ ಇಲ್ಲ, ಅದಕ್ಕೇ ಇಯರ್‌ಫೋನ್ ಸೌಂಡ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಕೇಳುತ್ತೆ. ನಿಮ್ಮ ಕಿವಿಗೂ ಒಳ್ಳೇದು.