ಇಟಲಿಯ ಕಾರು, ಮಲೆನಾಡಿನ ಸ್ಪ್ಯಾನರ್: ತೋಟದ ಶೆಡ್ಡಿನಲ್ಲಿ ಉಳಿದ ಫಿಯಟ್ ಕಥೆ

ಇಟಲಿಯ ಕಾರು ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ತಾಗೋ ಹಾಗಿರೋ ಸ್ಪೋರ್ಟ್ಸ್ ಕೂಪೆ, ಅಲ್ವಾ? ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಹಳಬರನ್ನು ಕೇಳಿ ನೋಡಿ. ಅವರ ಮಟ್ಟಿಗೆ ಇಟಲಿಯ ಕಾರು ಅಂದ್ರೆ ಒಂದೇ: ಫಿಯಟ್. ನಾಲ್ಕು ಬಾಗಿಲು, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮಳೆಗಾಲದಲ್ಲಿ ಸ್ಟಾರ್ಟ್ ಆಗೋಕೆ ಸ್ವಲ್ಪ ಮುನಿಸು. ಇವತ್ತು ಆ ಕಾರಿನ ಚರಿತ್ರೆ ಹೇಳ್ತೀನಿ. ಅದರ ಜೊತೆಗೆ, ಅದನ್ನು ಮನೆಯಲ್ಲೇ ಬಿಚ್ಚಿ ಜೋಡಿಸಿ ಓಡಿಸಿದವರ ವಿದ್ಯೆಯ ಚರಿತ್ರೆಯನ್ನೂ.

ಮೊದಲು ಹಿನ್ನೆಲೆ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಕಟ್ಟಿದರು. ಆರಂಭದಲ್ಲಿ ಅಮೆರಿಕದ ಕ್ರೈಸ್ಲರ್ ಜೊತೆ, ಆಮೇಲೆ ಇಟಲಿಯ ಫಿಯಟ್ ಜೊತೆ ಒಪ್ಪಂದ. 1953ರಲ್ಲಿ ಇಟಲಿಯಲ್ಲಿ ಹೊಸ ಫಿಯಟ್ 1100 ಬಂತು. ಮರುವರ್ಷವೇ ಕುರ್ಲಾ ಕಾರ್ಖಾನೆಗೂ ಬಂತು. ಅದೇ ಕಾಲಕ್ಕೆ ಭಾರತ ಸರ್ಕಾರ, ಬರೀ ಬಿಡಿಭಾಗ ತರಿಸಿ ಜೋಡಿಸಿದ್ರೆ ಸಾಲದು, ಇಲ್ಲೇ ತಯಾರಿಸಬೇಕು ಅಂತ ನಿಯಮ ಬಿಗಿ ಮಾಡಿತ್ತು. ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಉಳಿದದ್ದು ಬೆರಳೆಣಿಕೆಯ ಕಾರುಗಳು. ಅದರಲ್ಲಿ ಫಿಯಟ್ ಒಂದು. 1972ರಲ್ಲಿ ಅದಕ್ಕೆ 'ಪ್ರೀಮಿಯರ್ ಪ್ರೆಸಿಡೆಂಟ್' ಅಂತ, 1974ರಲ್ಲಿ 'ಪದ್ಮಿನಿ' ಅಂತ ಹೆಸರು ಬದಲಾಯ್ತು. ಜನ ಮಾತ್ರ ಕೊನೆವರೆಗೂ 'ಫಿಯಟ್' ಅಂತಲೇ ಕರೆದರು.

ಹಾಗಾದ್ರೆ ಕೂಪೆ ಎಲ್ಲಿ ಹೋಯ್ತು? ಇಟಲಿಯಲ್ಲಿ ಇದೇ 1100ರ ಮೇಲೆ ಪಿನಿನ್ ಫರೀನಾ ಚೆಂದದ ಕೂಪೆ ಮಾಡಿತ್ತು. 1966ರಲ್ಲಿ ಬಂದ ಫಿಯಟ್ 124ರಿಂದಲೂ ಒಂದು ಸ್ಪೋರ್ಟ್ಸ್ ಕೂಪೆ ಹುಟ್ಟಿತು; ಅದರ ಎಂಜಿನ್ ರೂಪಿಸಿದವರು ಹಿಂದೆ ಫೆರಾರಿಯಲ್ಲಿದ್ದ ಔರೇಲಿಯೊ ಲಂಪ್ರೇದಿ. ನಮ್ಮ ಕಾರ್ಖಾನೆ ತಯಾರಿಸಿದ್ದು ಕೂಪೆಯನ್ನಲ್ಲ, ಅದರ ಸಂಸಾರಸ್ಥ ಅಣ್ಣನನ್ನು. 124ರ ದೇಹಕ್ಕೆ ಜಪಾನಿನ ನಿಸ್ಸಾನ್ ಎಂಜಿನ್ ಕೂರಿಸಿದ 'ಪ್ರೀಮಿಯರ್ 118 ಎನ್‌ಇ' 1985ರಲ್ಲಿ ರಸ್ತೆಗಿಳಿಯಿತು.

ಈಗ ಘಟ್ಟಕ್ಕೆ ಬರೋಣ. ಕಾಫಿ ಬೆಳೆಗಾರರು ಅಂದ್ರೆ ಸದಾ ಕೈತುಂಬ ದುಡ್ಡು ಅಂತ ನಾವು ಅಂದುಕೊಳ್ತೀವಿ. ಆದರೆ 1990ರ ದಶಕದಲ್ಲಿ ಮಾರುಕಟ್ಟೆ ಮುಕ್ತ ಆಗೋವರೆಗೂ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಹಣ ಕಂತು ಕಂತಾಗಿ ಬರ್ತಿತ್ತು. ಹೊಸ ಕಾರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಕಳಸದಂಥ ಊರಿಂದ ದೊಡ್ಡ ವರ್ಕ್‌ಶಾಪ್ ಇರೋ ಪೇಟೆಗೆ ಹೋಗೋದೇ ಒಂದು ದಿನದ ಕೆಲಸ. ಹೀಗಿರುವಾಗ ಕಾರು ಕೆಟ್ಟರೆ ಏನು ಮಾಡೋದು? ತಾವೇ ಬಾನೆಟ್ ಎತ್ತೋದು.

ಅದಕ್ಕೆ ಬೇಕಾದ ಕೈ ತೋಟದಲ್ಲೇ ಇತ್ತು ಅನ್ನೋದು ನನ್ನ ವಾದ. ಕಾಫಿ ಹಣ್ಣು ಬಿಡಿಸೋ ಪಲ್ಪರ್, ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್‌ಗೆ ನೀರೆತ್ತೋ ಡೀಸೆಲ್ ಪಂಪು, ಇವನ್ನೆಲ್ಲ ನಡೆಸೋ ಮನೆಯಲ್ಲಿ ಸ್ಪ್ಯಾನರ್ ಹಿಡಿಯೋದು ಯಾರಿಗೂ ಹೊಸದಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಸ್ಕೂಟರನ್ನು ತಾವೇ ಬಿಚ್ಚಿ ಸರಿಮಾಡ್ತಿದ್ದದ್ದು ಅವರ ಓದುಗರಿಗೆಲ್ಲ ಗೊತ್ತು. ಅದು ಒಬ್ಬ ಲೇಖಕರ ಹುಚ್ಚು ಮಾತ್ರ ಆಗಿರಲಿಲ್ಲ, ಆ ಸೀಮೆಯ ಬದುಕಿನ ರೀತಿಯೇ ಆಗಿತ್ತು.

ಕಾರೂ ಅದಕ್ಕೆ ಒಗ್ಗುವಂಥದ್ದೇ. 1089 ಸಿಸಿ, ನಾಲ್ಕು ಸಿಲಿಂಡರ್, ಸುಮಾರು 40 ಅಶ್ವಶಕ್ತಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸ್ಟಾರ್ಟ್ ಆಗಲಿಲ್ಲ ಅಂದ್ರೆ ಎರಡೇ ಪ್ರಶ್ನೆ: ಕಿಡಿ ಬರ್ತಿದೆಯಾ? ಪೆಟ್ರೋಲ್ ಬರ್ತಿದೆಯಾ? ಕಿಡಿ ಇಲ್ಲದಿದ್ರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ. ಮಲೆನಾಡಿನ ಜುಲೈ ತಿಂಗಳಲ್ಲಿ ಒಳಗೆ ತೇವ ಇರೋದು ಮಾಮೂಲು, ಒಣಬಟ್ಟೆಯಲ್ಲಿ ಒರೆಸಿ. ಪಾಯಿಂಟ್ ಸುಟ್ಟಿದ್ರೆ ಎಮರಿ ಪೇಪರಲ್ಲಿ ಉಜ್ಜಿ, ಫೀಲರ್ ಗೇಜ್ ಇಟ್ಟು ಸಂದು ಹೊಂದಿಸಿ. ಪ್ಲಗ್ ವೈರ್ ಮತ್ತೆ ಹಾಕುವಾಗ ಕ್ರಮ ತಪ್ಪಬಾರದು: 1-3-4-2. ಈ ನಾಲ್ಕು ಅಂಕಿ ಅವರಿಗೆ ಮಗ್ಗಿಯ ಹಾಗೆ ಬಾಯಿಪಾಠ.

ಬೇಸಿಗೆಯಲ್ಲಿ ಬೇರೆ ಕಾಟ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಸೇರೋದರೊಳಗೆ ಎಂಜಿನ್ ಕಾದು, ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿ ಗಾಡಿ ನಿಂತುಬಿಡ್ತಿತ್ತು. ಇದಕ್ಕೆ 'ವೇಪರ್ ಲಾಕ್' ಅಂತಾರೆ. ಮದ್ದು ಸುಲಭ: ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಹತ್ತು ನಿಮಿಷ ಕಾಯೋದು. ಇನ್ನು ದೊಡ್ಡ ಶತ್ರು ಅಂದ್ರೆ ತುಕ್ಕು. ಈ ಕಾರಿಗೆ ಬೇರೆಯಾದ ಚಾಸಿ ಇಲ್ಲ, ದೇಹವೇ ಬೆನ್ನೆಲುಬು. ನೆಲದ ತಗಡು ತಿಂದುಹೋದ್ರೆ ಕಾರಿನ ಬಲವೇ ಹೋದಂತೆ. ಹಾಗಾಗಿ ಮಳೆಗಾಲ ಮುಗಿದ ಮೇಲೆ ಅಡಿಭಾಗ ಕೆರೆದು, ಒಣಗಿಸಿ, ಬಣ್ಣ ಬಳಿಯೋ ಕೆಲಸ ತಪ್ಪಿಸೋ ಹಾಗಿರಲಿಲ್ಲ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಲೆಕ್ಕ ಬದಲಾಯ್ತು. ಈ ಶತಮಾನದ ಆರಂಭದಲ್ಲಿ ಪದ್ಮಿನಿ ತಯಾರಿಕೆ ನಿಂತಿತು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್ ಕೊನೆಯಲ್ಲಿ ಮುಗಿಯಿತು.

ಹಾಗಂತ ಇದು ಬರೀ ಹಳೇ ನೆನಪಿನ ಮಾತಲ್ಲ. ಅಜ್ಜನ ಫಿಯಟ್ ಇನ್ನೂ ಶೆಡ್ಡಿನಲ್ಲಿರೋ ಮನೆಗಳಿವೆ. ಅವುಗಳ ಮುಂದೆ ಈಗ ಎರಡು ಪರೀಕ್ಷೆಗಳಿವೆ. ಒಂದು ಪೆಟ್ರೋಲಿಂದು. ಈಗ ಬಂಕಿನಲ್ಲಿ ಸಿಗೋದು ಶೇಕಡಾ 20 ಎಥನಾಲ್ ಬೆರೆತ ಇ20. ಎಥನಾಲ್ ನೀರನ್ನು ಹೀರಿಕೊಳ್ಳುತ್ತೆ, ಹಳೇ ಕಾಲದ ರಬ್ಬರನ್ನು ಹಾಳು ಮಾಡುತ್ತೆ. ಓಡಿಸದೆ ಮಳೆಗಾಲವಿಡೀ ನಿಲ್ಲಿಸಿದ ಕಾರಿನ ಟ್ಯಾಂಕು, ಪಂಪಿನ ಡಯಾಫ್ರಮ್, ಪೈಪು ಎಲ್ಲಕ್ಕೂ ಇದು ಕುತ್ತು. ಎಥನಾಲ್ ತಡೆಯೋ ಪೈಪು, ಡಯಾಫ್ರಮ್ ಹಾಕಿಸೋದು, ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಉಳಿಸದಿರೋದು ಈಗಿನ ಹೊಸ ಪಾಠ.

ಇನ್ನೊಂದು ಕಾಗದಪತ್ರದ್ದು. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000. 50 ವರ್ಷ ದಾಟಿದ್ರೆ 'ವಿಂಟೇಜ್' ಅಂತ ನೋಂದಾಯಿಸಬಹುದು, 2021ರಲ್ಲಿ ಅದಕ್ಕೆ ನಿಯಮ ಬಂದಿದೆ. ಆದರೆ ಕಾರು ಮೂಲ ರೂಪದಲ್ಲೇ ಇರಬೇಕು, ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ಅಂದ್ರೆ ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಅಂತ ಓಡಾಡಿದ ಕಾರಿಗೆ ಮರ್ಯಾದೆ ಸಿಗಬೇಕಾದ್ರೆ ಓಡಾಟವನ್ನೇ ಬಿಡಬೇಕು. ಇದು ಸರಿಯೋ ತಪ್ಪೋ, ನೀವೇ ಯೋಚಿಸಿ.

ನನಗೆ ಕಾರಿಗಿಂತ ದೊಡ್ಡ ಚಿಂತೆ ಆ ವಿದ್ಯೆಯದು. ಶಬ್ದ ಕೇಳಿ ಟ್ಯಾಪೆಟ್ ಸಡಿಲ ಅಂತ ಹೇಳೋ ಕಿವಿ, ಪ್ಲಗ್ಗಿನ ಮಸಿ ನೋಡಿ ಕಾರ್ಬೊರೇಟರ್ ದೋಷ ಹಿಡಿಯೋ ಕಣ್ಣು, ಇವು ಯಾವ ಕೈಪಿಡಿಯಲ್ಲೂ ಪೂರ್ತಿ ಇಲ್ಲ. ಅವು ವಯಸ್ಸಾದ ಮೆಕ್ಯಾನಿಕ್‌ಗಳ ಹತ್ತಿರ, ತೋಟದ ಹಳೇ ಡ್ರೈವರ್‌ಗಳ ಹತ್ತಿರ ಇವೆ. ನಿಮ್ಮ ಕೈಯಲ್ಲಿ ಫೋನ್ ಇದೆ. ಊರಿಗೆ ಹೋದಾಗ ಅಂಥವರೊಬ್ಬರನ್ನು ಕೂರಿಸಿ, ಬಾನೆಟ್ ಎತ್ತಿಸಿ, ಒಂದರ್ಧ ಗಂಟೆ ರೆಕಾರ್ಡ್ ಮಾಡಿ. ಕಂಪನಿಗಳ ಚರಿತ್ರೆ ಹೇಗೂ ಕಡತಗಳಲ್ಲಿ ಸಿಗುತ್ತೆ. ಇವರದ್ದು ಸಿಗಲ್ಲ.