ಕಡಕ್ ರೊಟ್ಟಿಯ ನಾಡಿನಲ್ಲಿ ಮಿಗಾಸ್

ಏನಿದು ತಿಂಡಿ

ಅಮೆರಿಕದ ಟೆಕ್ಸಸ್‌ನಲ್ಲಿ, ಅದರಲ್ಲೂ ಆಸ್ಟಿನ್ ನಗರದಲ್ಲಿ, ಬೆಳಗಿನ ಹೊತ್ತು ಮಿಗಾಸ್ ಬಲು ಜನಪ್ರಿಯ. ಉಳಿದ ಗೋವಿನಜೋಳದ ಟೋರ್ಟಿಯಾ (ತೆಳು ರೊಟ್ಟಿ) ಹರಿದು ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು, ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ ಬಾಡಿಸಿ, ತತ್ತಿ ಒಡೆದು ಹಾಕಿ ಕದಡುತ್ತಾರೆ. ಮೇಲೆ ಚೀಸ್ ತುರಿ, ಪಕ್ಕಕ್ಕೆ ಬೇಯಿಸಿ ಮಸೆದ ಬೀನ್ಸ್. ಮೂಲದಲ್ಲಿ ಇದು ಸ್ಪೇನಿನ ಕುರಿಗಾಹಿಗಳ ಊಟ. ಅಲ್ಲಿ ತಂಗಳ ಬ್ರೆಡ್ಡಿನ ಚೂರನ್ನು ಬೆಳ್ಳುಳ್ಳಿ, ಆಲಿವ್ ಎಣ್ಣೆಯಲ್ಲಿ ಹುರಿಯುತ್ತಾರೆ. ಮೆಕ್ಸಿಕೊದ ಚಿಲಾಕಿಲೆಸ್ ಇದರ ಹತ್ತಿರದ ನೆಂಟ. ಅದರಲ್ಲಿ ಟೋರ್ಟಿಯಾ ಚೂರು ಖಾರದ ಗೊಜ್ಜಿನಲ್ಲಿ ನೆನೆಯುತ್ತದೆ.

ಸಾಮಗ್ರಿ ಮನೆಯಲ್ಲೇ ಇದೆ

ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಹರಿಯುವ ಘಟಪ್ರಭೆಯ ನೀರಿನಲ್ಲಿ ಗೋಕಾಕ, ಮೂಡಲಗಿ ಭಾಗದ ರೈತರು ಕಬ್ಬಿನ ಜೊತೆಗೆ ಗೊಂಜಾಳವನ್ನೂ, ಅಂದರೆ ಗೋವಿನಜೋಳವನ್ನೂ ಬೆಳೆಯುತ್ತಾರೆ. ಕೋಳಿ, ದನಗಳ ಮೇವಿಗೆ ಹೋಗುವ ಈ ಕಾಳೇ ಮೆಕ್ಸಿಕೊದಲ್ಲಿ ಜನರ ಮುಖ್ಯ ಆಹಾರ. ಖಾರಕ್ಕೆ ಹುಕ್ಕೇರಿ ತಾಲ್ಲೂಕಿನದೇ ಆದ ಸಂಕೇಶ್ವರದ ಮೆಣಸಿನಕಾಯಿಯ ಹೆಸರು ದೊಡ್ಡದು. ಟೋರ್ಟಿಯಾ ಬದಲಿಗೆ ಕಡಕ್ ಜೋಳದ ರೊಟ್ಟಿ ಇದ್ದೇ ಇದೆ. ನನ್ನ ಮಟ್ಟಿಗೆ ಇದು ಬದಲಿ ವಸ್ತುವಲ್ಲ, ಮಿಗಾಸ್‌ಗೆ ಒಪ್ಪುವ ಒಳ್ಳೆಯ ರೊಟ್ಟಿಯೇ. ಮೊದಲೇ ಒಣಗಿರುವುದರಿಂದ ಎಣ್ಣೆ ಕಡಿಮೆ ಸಾಕು.

ಗೊಂಜಾಳ, ಸುಣ್ಣ ಮತ್ತು ಪೆಲಾಗ್ರಾ

ಗಿರಣಿಯಲ್ಲಿ ಬೀಸಿದ ಗೊಂಜಾಳದ ಹಿಟ್ಟಿನಿಂದ ಟೋರ್ಟಿಯಾ ಲಟ್ಟಿಸಲು ಹೋದರೆ ಅಂಚು ಸೀಳುತ್ತದೆ. ಜೋಳದಂತೆ ಇದರಲ್ಲೂ ಗೋಧಿಯ ಅಂಟು ಇಲ್ಲ. ಜೋಳದ ಹಿಟ್ಟಿಗೆ ನಾವು ಕುದಿಯುವ ಎಸರು ಹೊಯ್ದು ಜಿಗುಟು ತರಿಸುತ್ತೇವೆ. ಮೆಕ್ಸಿಕೊದವರು ಕಾಳನ್ನೇ ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ಒಂದು ಕೆಜಿ ಒಣಕಾಳಿಗೆ ಸುಮಾರು 10 ಗ್ರಾಂ ತಿನ್ನುವ ಸುಣ್ಣ, ಮೂರು ಲೀಟರ್ ನೀರು. ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಸಣ್ಣ ಉರಿಯಲ್ಲಿ ಕುದಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ನಾಲ್ಕಾರು ಸಲ ತೊಳೆದು ರುಬ್ಬಬೇಕು. ಗೋಡೆಗೆ ಬಳಿಯುವ ಸುಣ್ಣ ಖಂಡಿತ ಬೇಡ.

ಕಾಳಿನಲ್ಲಿ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವವನ್ನೂ ಸುಣ್ಣ ಬಿಡಿಸುತ್ತದೆ. ಈ ಕ್ರಮ ಬಿಟ್ಟು ಬರೀ ಗೋವಿನಜೋಳ ತಿಂದ ಯುರೋಪು, ಅಮೆರಿಕದ ಬಡವರನ್ನು ನಯಾಸಿನ್ ಕೊರತೆಯ ರೋಗವಾದ ಪೆಲಾಗ್ರಾ ಕಾಡಿತು. ಜೋಳವನ್ನೇ ನಂಬಿದ ದಖ್ಖನ್ನಿನ ಬಡವರಲ್ಲೂ ಆ ರೋಗವಿತ್ತು, ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಇದರ ಬಗ್ಗೆ ಬರೆದರು. ತತ್ತಿಯಲ್ಲಿರುವ ಟ್ರಿಪ್ಟೊಫಾನ್‌ನಿಂದ ದೇಹ ತಾನೇ ನಯಾಸಿನ್ ಮಾಡಿಕೊಳ್ಳುತ್ತದೆ. ರೊಟ್ಟಿಗೆ ತತ್ತಿ ಜೊತೆಯಾಗುವುದು ನಾಲಿಗೆಗಷ್ಟೇ ಅಲ್ಲ, ಮೈಗೂ ಹಿತ.

ಮಾಡುವ ಬಗೆ

ಇಬ್ಬರಿಗೆ ಎರಡು ಕಡಕ್ ರೊಟ್ಟಿ, ನಾಲ್ಕು ತತ್ತಿ, ಒಂದು ಉಳ್ಳಾಗಡ್ಡಿ, ಒಂದು ಟೊಮೆಟೊ, ಎರಡು ಹಸಿಮೆಣಸಿನಕಾಯಿ, ಕೊತ್ತಂಬರಿ. ಟೊಮೆಟೊದ ಬೀಜ, ರಸ ತೆಗೆದುಬಿಡಿ. ನೀರೇ ಮಿಗಾಸ್‌ನ ಶತ್ರು.

ರೊಟ್ಟಿಯನ್ನು ಅಂಗುಲದಷ್ಟು ಚೂರು ಮಾಡಿ, ಎರಡು ಚಮಚ ಎಣ್ಣೆಯಲ್ಲಿ ನಡು ಉರಿಯಲ್ಲಿ ಒಂದು ನಿಮಿಷ ಕೈಯಾಡಿಸಿ. ಘಮ ಬಂದೊಡನೆ ತೆಗೆಯಿರಿ, ಸೀದರೆ ಕಹಿ. ಎಣ್ಣೆಯ ಲೇಪ ಬಿದ್ದ ಚೂರು ಬೇಗ ಮೆತ್ತಗಾಗುವುದಿಲ್ಲ. ಅದೇ ಬಾಣಲೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಟೊಮೆಟೊ ಬಾಡಿಸಿ ಅರ್ಧ ಚೂರು ಸೇರಿಸಿ, ಉಪ್ಪು ಹಾಕಿ ಗೊಟಾಯಿಸಿದ ತತ್ತಿ ಸುರಿಯಿರಿ. ತಳ ಹಿಡಿಯುವ ಮೊದಲು ಮಡಚುತ್ತಾ ತಿರುವಿ. ತತ್ತಿ ಇನ್ನೂ ತುಸು ತೇವವಾಗಿರುವಾಗ ಒಲೆ ಆರಿಸಿ, ಉಳಿದ ಚೂರು, ಕೊತ್ತಂಬರಿ ಹಾಕಿ ತಕ್ಷಣ ಬಡಿಸಿ. ಅರ್ಧ ಮೆತ್ತಗೆ, ಅರ್ಧ ಕಟುಂ ಎನ್ನುವಂತಿದ್ದರೆ ಸರಿಯಾಗಿದೆ. ತಂಗಳ ಮೆತ್ತನೆ ರೊಟ್ಟಿಯಾದರೆ ನಾಲ್ಕೈದು ನಿಮಿಷ ಹುರಿಯಬೇಕು.

ನಂಚಿಕೊಳ್ಳುವ ಸಾಲ್ಸಾ ಚಟ್ನಿಗೆ ಟೊಮೆಟೊ, ಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಹಂಚಿನ ಮೇಲೆ ಸುಟ್ಟು ಒರಳಲ್ಲಿ ಕುಟ್ಟಿ. ಬೀನ್ಸ್ ಜಾಗಕ್ಕೆ ಮಡಕಿಕಾಳಿನ ಪಲ್ಯ.

ತತ್ತಿ ತಿನ್ನದವರಿಗೆ

ಈ ಭಾಗದ ಎಷ್ಟೋ ಮನೆಗಳಲ್ಲಿ ತತ್ತಿ ನಿಷಿದ್ಧ. ಅಲ್ಲಿ ಪುಡಿಮಾಡಿದ ಪನೀರ್ ಬಳಸಿ, ಅರಿಶಿನ ಚಿಟಿಕೆ ಹಾಕಿ. ಪೇಟೆಯ ಟೋರ್ಟಿಯಾ ಚಿಪ್ಸ್ ಬಳಸುವುದಾದರೆ ಅದರಲ್ಲಿ ಉಪ್ಪು ಮೊದಲೇ ಇರುತ್ತದೆ; ಮೇಲೆ ಉಪ್ಪು ಹಾಕುವ ಮುಂಚೆ ಒಂದು ಚೂರು ತಿಂದು ನೋಡಿ.